ಕೊನೆ ಗದ್ದೆಯ ಗಗ್ಗರ

ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಎದುರು, ಒಂದು ಬೇಕರಿಗೂ ಒಂದು ಜೆರಾಕ್ಸ್ ಅಂಗಡಿಗೂ ನಡುವೆ ಸಣ್ಣದೊಂದು ಮಳಿಗೆಯಿದೆ. ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು, ಅಷ್ಟು ಸಣ್ಣದು. ಬೋರ್ಡಿನ ಮೇಲೆ ಈಗ ‘ಆನ್‌ಲೈನ್ ಸೇವೆ’ ಎಂದಿದೆ. ಬಿಸಿಲಿಗೆ ಬಣ್ಣ ಸುಲಿದ ಕಡೆ ಕಣ್ಣಿಟ್ಟು ನೋಡಿದರೆ ಅದರಡಿಯಲ್ಲಿ ‘ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡಲಾಗುವುದು’ ಎಂಬುದು ಕಾಣುತ್ತದೆ. ಅದಕ್ಕೂ ಕೆಳಗೆ ಇನ್ನೊಂದು ಬಣ್ಣ. ಅಲ್ಲಿ ‘ಕ್ಯಾಸೆಟ್ಸ್’ ಎಂಬುದರ ಬಾಲ ಮಾತ್ರ ಉಳಿದಿದೆ. ಅಂಗಡಿಯ ಯಜಮಾನ ರಾಜೇಂದ್ರನ ಮೂವತ್ತು ವರ್ಷದ ಬದುಕು ಆ ತಗಡಿನ ಮೇಲೆ ಪದರ ಪದರವಾಗಿ ಕೂತಿದೆ. ಹೊಸ ಬೋರ್ಡು ಹಾಕಿಸು ಎಂದರೆ, "ಇನ್ನೇನ್ ಬತ್ತದೋ ನೋಡ್ಕೊಂಡು ಹಾಕುಸ್ತೀನಿ" ಅನ್ನುತ್ತಾನೆ.

ಅವನಿಗೆ ಐವತ್ತೈದು. ಬೆನ್ನು ಕುರ್ಚಿಯ ಆಕಾರಕ್ಕೆ ಬಂದಿದೆ. ಬೆಳಿಗ್ಗೆ ಒಂಬತ್ತಕ್ಕೆ ಶಟರ್ ಎತ್ತಿದರೆ ಪಹಣಿ, ಜಾತಿ ಸರ್ಟಿಫಿಕೇಟು, ರೇಷನ್ ಕಾರ್ಡು, ಆಧಾರ್ ತಿದ್ದುಪಡಿ ಎಂದು ಜನ ಬರುತ್ತಲೇ ಇರುತ್ತಾರೆ. ಅವರ ಮುಖಕ್ಕಿಂತ ಪರದೆಯ ಮೇಲೆ ಸುತ್ತುವ ಚಕ್ರವನ್ನೇ ಅವನು ಹೆಚ್ಚು ನೋಡಿರುವುದು. "ಸರ್ವರ್ ಇಲ್ಲ, ಊಟ ಮಾಡ್ಕೊಂಡ್ ಬನ್ನಿ" ಎಂಬ ಒಂದೇ ಮಾತನ್ನು ದಿನಕ್ಕೆ ಎಷ್ಟು ಸಲ ಹೇಳುತ್ತಾನೋ ಅವನಿಗೇ ಲೆಕ್ಕವಿಲ್ಲ. ಯಾರ ಮೇಲೂ ರೇಗುವುದಿಲ್ಲ. ರೇಗುವುದಕ್ಕೂ ತ್ರಾಣ ಬೇಕು.

ಹಿಂದೆ ಅವನ ಕಿವಿ ಬಹಳ ಚುರುಕು. ಟೇಪ್ ರೆಕಾರ್ಡರಿನ ಬೆಲ್ಟು ಕೂದಲೆಳೆಯಷ್ಟು ಸಡಿಲವಾದರೂ ಆಚೆ ಬೀದಿಯಿಂದಲೇ ಹೇಳಿಬಿಡುತ್ತಿದ್ದ. ಈಗ ಕರೆಂಟು ಹೋದಾಗ ಕಾಲ ಬುಡದಲ್ಲಿರುವ ಯುಪಿಎಸ್ ಕೀ ಕೀ ಎಂದು ಬಡಿದುಕೊಂಡರೂ ತಿಳಿಯುವುದಿಲ್ಲ. ಜೆರಾಕ್ಸ್ ಅಂಗಡಿಯ ವನಿತಾ ಗೋಡೆಯಾಚೆಯಿಂದ ಕೂಗಬೇಕು.

"ಅಣ್ಣಾ, ನಿಮ್ ಯುಪಿಎಸ್ಸು ಆಗಿಂದ ಪ್ರಾಣ ಬಿಡ್ತಾ ಐತೆ. ಕೇಳಿಸ್ತಿಲ್ವಾ?"

"ಬೇಡದ್ದು ನಂಗೆ ಕೇಳಲ್ಲ ಕಣವ್ವ."

"ಬೇಕಾದ್ದೂ ಕೇಳಲ್ಲ ನಿಮ್ಗೆ. ಮೈಸೂರಿಗೋಗಿ ಕಿವಿ ತೋರಿಸ್ಕೊಳಿ."

"ನಾಳೆ ಓಯ್ತೀನಿ."

ಆ ನಾಳೆಗೆ ಈಗ ನಾಲ್ಕು ವರ್ಷ.

ಈ ರಾಜೇಂದ್ರನ ಊರು ಸೋಸಲೆ. ಅದೇ ಊರಿನಲ್ಲಿ ಹುಟ್ಟಿ, ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯ ಕಡೆಗೆ ಮದುವೆಯಾಗಿ ಹೋದವಳು ದೊಡ್ಡಮ್ಮ. ಇವನ ಅಕ್ಕನಲ್ಲ, ಆದರೆ ಅದೇ ಬೀದಿಯ ಹೆಣ್ಣಾದ್ದರಿಂದ ಅಕ್ಕ. ಅವಳ ಗಂಡ ಪುಟ್ಟಬಸವಯ್ಯ ತಂಬೂರಿ ಪದ ಹೇಳುವವನು, ಆದ್ದರಿಂದ ಬಾವ. ಪುಟ್ಟಬಸವಯ್ಯ ತಂಬೂರಿ ಮೀಟುತ್ತ ಕತೆ ಹಾಡಿದರೆ ದೊಡ್ಡಮ್ಮ ಪಕ್ಕದಲ್ಲಿ ಕೂತು ಗಗ್ಗರ ಆಡಿಸುತ್ತಾಳೆ. ಗಗ್ಗರವೆಂದರೆ ಬಳೆಯಂಥ ಕಂಚಿನ ಪೊಳ್ಳು ಉಂಗುರ, ಒಳಗೆ ಸಣ್ಣ ಗುಂಡುಗಳು. ಹೆಬ್ಬೆರಳಿಗೆ ಸಿಕ್ಕಿಸಿ ಕುಲುಕಿದರೆ ಜಿಲ್ ಜಿಲ್ ಎನ್ನುತ್ತದೆ. ನಲವತ್ತು ವರ್ಷ ಅವಳು ಆಡಿಸಿದ್ದು ಅದೊಂದನ್ನೇ. ಅವನ ಕತೆ ಓಡಿದರೆ ಗಗ್ಗರ ಓಡುತ್ತದೆ, ಕತೆಯಲ್ಲಿ ಯಾರಾದರೂ ಸತ್ತರೆ ಗಗ್ಗರ ತಡೆದು ತಡೆದು ನಡೆಯುತ್ತದೆ.

ತೊಂಬತ್ತಾರನೇ ಇಸವಿಯಲ್ಲಿ ಅವರ ಒಂದು ಕತೆಯನ್ನು ರಾಜೇಂದ್ರ ಕ್ಯಾಸೆಟ್ ಮಾಡಿದ. ಸುತ್ತಲ ಹಳ್ಳಿಗಳಲ್ಲಿ ಚೆನ್ನಾಗಿ ಹೋಯಿತು. ಮೇಲಿನ ಕಾಗದದ ಮೇಲೆ ಅಚ್ಚು ಹಾಕಿಸಿದವನೂ ಅವನೇ: ‘ಪುಟ್ಟಬಸವಯ್ಯ ಮತ್ತು ಸಂಗಡಿಗರು’. ಸಂಗಡಿಗರೆಂದರೆ ದೊಡ್ಡಮ್ಮ ಒಬ್ಬಳೇ. ಅವಳಿಗೆ ಓದು ಬಾರದು. ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು, "ನನ್ನೆಸ್ರು ಎಲ್ಲದೆ ರಾಜಪ್ಪ?" ಎಂದು ಕೇಳಿದಳು. ಅಂಗಡಿಯ ತುಂಬ ಗಿರಾಕಿಗಳಿದ್ದರು. ಅವನು ಆ ಕೊನೆಯ ಪದದ ಮೇಲೆ ಬೆರಳಿಟ್ಟು, "ಇಲ್ಲೇ ಅಕ್ಕ" ಎಂದುಬಿಟ್ಟ. ಅವಳು ಅದನ್ನು ಹೆಬ್ಬೆರಳಿನಿಂದ ಸವರಿ, ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಹತ್ತು ಹನ್ನೆರಡು ವರ್ಷ ಕಳೆದ ಮೇಲೆ, ಆಗತಾನೆ ಅಕ್ಷರ ಕೂಡಿಸಲು ಕಲಿತ ಮೊಮ್ಮಗಳು ಸಂಘಮಿತ್ರಾ ಆ ಕಾಗದವನ್ನು ಓದಿ, "ಅಜ್ಜಿ, ಇಲ್ಲಿ ನಿನ್ನೆಸ್ರೇ ಇಲ್ಲ" ಎಂದಳಂತೆ. ದೊಡ್ಡಮ್ಮ ಬಂದು ಜಗಳವಾಡಲಿಲ್ಲ. ಆದರೆ ಅಂದಿನಿಂದ ರಾಜೇಂದ್ರನನ್ನು ಕಂಡಾಗಲೆಲ್ಲ, "ಏನ್ ಸಂಗಡಿಗರ ತಮ್ಮ, ಚೆಂದಾಗಿದ್ದೀಯಾ?" ಎಂದೇ ಮಾತಾಡಿಸುತ್ತಾಳೆ. ನಗುತ್ತಲೇ ಕೇಳುತ್ತಾಳೆ. ಅವನು ಮಾತ್ರ ನಕ್ಕದ್ದನ್ನು ಯಾರೂ ನೋಡಿಲ್ಲ.

ಹೋದ ವರ್ಷ ಮೈಸೂರಿನ ಯಾವುದೋ ಒಂದು ಸಂಸ್ಥೆ ತಂಬೂರಿ ಪದಗಳನ್ನು ಕೂಡಿಡಲು ಹೊರಟಿತು. ಇಪ್ಪತ್ತು ನಿಮಿಷದ ಹಾಡನ್ನು ಆನ್‌ಲೈನಿನಲ್ಲಿ ಕಳಿಸಬೇಕು. ಕೇಳಿ ನೋಡಿ, ಹಾಡಿದವರಿಗೂ ನುಡಿಸಿದವರಿಗೂ ಬೇರೆ ಬೇರೆಯಾಗಿ ಫೋಟೋ, ಹೆಸರು, ವಾದ್ಯ ಬರೆದ ಕಾರ್ಡು ಕೊಡುತ್ತಾರೆ. ಸುದ್ದಿ ತಿಳಿದು ರಾಜೇಂದ್ರ ತಾನೇ ಫೋನು ಮಾಡಿ ಇಬ್ಬರನ್ನೂ ಕರೆಸಿದ. ಗಂಡ ಹೆಂಡತಿ ಎರಡು ಬಸ್ಸು ಹತ್ತಿಳಿದು, ಬೆವರಿನಲ್ಲಿ ಮಿಂದು ಬಂದರು. ಅಂಗಡಿಯಲ್ಲೇ ಕೂರಿಸಿ ಹಾಡನ್ನು ರೆಕಾರ್ಡ್ ಮಾಡಿಕೊಂಡ.

ತೊಡಕಿದ್ದದ್ದು ಫಾರಂನಲ್ಲಿ. ಫೈಲು ಐದು ಎಂಬಿ ದಾಟಬಾರದು. ಈಗಿನ ಫೋನಿನಲ್ಲಿ ಒಂದು ಕುರಿಮರಿಯ ಫೋಟೋ ತೆಗೆದರೂ ಅಷ್ಟಾಗುತ್ತದೆ. ಇಪ್ಪತ್ತು ನಿಮಿಷದ ಹಾಡು ಅದರೊಳಗೆ ಹಿಡಿಯಬೇಕಾದರೆ ಬಿಟ್ ರೇಟನ್ನು, ಅಂದರೆ ಒಂದೊಂದು ಸೆಕೆಂಡಿನ ಸದ್ದಿಗೆ ಸಿಗುವ ಜಾಗವನ್ನು, ಮೂವತ್ತೆರಡಕ್ಕೆ ಇಳಿಸಬೇಕು, ಬೇರೆ ದಾರಿಯಿಲ್ಲ. ಮೆಮೊರಿ ಕಾರ್ಡಿನ ಕಾಲದಲ್ಲಿ ನೂರು ಹಾಡಿನ ಜಾಗದಲ್ಲಿ ಮುನ್ನೂರು ತುರುಕಿದ ಕೈ ಅದು, ಇಳಿಸಿದ. ಪಕ್ಕದಲ್ಲೇ ಸ್ಯಾಂಪ್ಲಿಂಗ್ ರೇಟ್ ಎಂಬ ಇನ್ನೊಂದು ಮನೆಯಿತ್ತು. ಅಂದರೆ ಕಂಪ್ಯೂಟರು ಒಂದು ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದು ಬರೆದಿಡಬೇಕು ಎಂಬ ಸಂಖ್ಯೆ. ಅಲ್ಲಿ ನಲವತ್ತನಾಲ್ಕು ಸಾವಿರದ ನೂರು ಎಂದಿತ್ತು. ಅದನ್ನು ಮುಟ್ಟಲಿಲ್ಲ. ಅದು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಅವನು ಯಾವತ್ತಿನಿಂದಲೋ ನಂಬಿದ್ದ.

ಹದಿನೈದು ದಿನಕ್ಕೆ ಉತ್ತರ ಬಂತು: ಧ್ವನಿ ಅಸ್ಪಷ್ಟ. ಹಾಕಿ ಕೇಳಿದರೆ ನಿಜವೇ. ಬಾವ ಯಾವುದೋ ಬಾವಿಯೊಳಗೆ ಕೂತು, ಬಾಯಿಗೆ ನೀರು ತುಂಬಿಕೊಂಡು ಹಾಡಿದಂತಿತ್ತು.

ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ರಾಜೇಂದ್ರ ಆ ಸಂಖ್ಯೆಗಳನ್ನು ಒಂದೊಂದಾಗಿ ಬದಲಿಸುತ್ತ ಕೂತ. ಸಾಕಾಗಿ ಕೈಬಿಡಬೇಕು ಎನ್ನುವಷ್ಟರಲ್ಲಿ ಸ್ಯಾಂಪ್ಲಿಂಗ್ ರೇಟನ್ನು ಹನ್ನೊಂದು ಸಾವಿರಕ್ಕೆ ಇಳಿಸಿ ನೋಡಿದ. ಬಾವನ ಗಂಟಲು ಬಾವಿಯಿಂದ ಎದ್ದು ಬಂದು ಎದುರಿಗೆ ಕೂತಿತು. ಅವನಿಗೆ ನಂಬಿಕೆಯಾಗಲಿಲ್ಲ, ಇನ್ನೊಮ್ಮೆ ಮಾಡಿ ನೋಡಿದ. ನಿಜ.

ಮಾರನೆಯ ವಾರ ಇಬ್ಬರೂ ಬಂದಾಗ ಬಾವನಿಗೆ ಅದನ್ನು ಗದ್ದೆಯ ಲೆಕ್ಕದಲ್ಲಿ ಬಿಡಿಸಿ ಹೇಳಿದ. ಹುಲ್ಲಹಳ್ಳಿಯ ಕಾಲುವೆಯ ನೀರಿನಲ್ಲಿ ಬೇಸಾಯ ಮಾಡುವವನಿಗೆ ಬೇರೆ ಹೇಗೆ ಹೇಳುವುದು?

"ತೂಬಲ್ಲಿ ಬರೋ ನೀರು ಇಷ್ಟೇ ಬಾವ. ಅದು ಬಿಟ್ ರೇಟು. ನಾನು ನಲವತ್ನಾಕು ಗದ್ದೆ ಉತ್ತಿಟ್ಟು ಎಲ್ಲಕ್ಕೂ ಅದೇ ನೀರು ಬುಟ್ಟೆ. ಎಲ್ಲದ್ರ ಮ್ಯಾಲೂ ಒಂಚೂರು ತ್ಯಾವ ಆಯ್ತು, ಒಂದೂ ನೆನೀನಿಲ್ಲ."

"ನೀರಿಲ್ದಲೆ ಅಷ್ಟಗಲ ಯಾವನ್ಲಾ ಉಳ್ತಾನೆ?" ಎಂದ ಪುಟ್ಟಬಸವಯ್ಯ. "ಓದ್ದೋನ್ ಬುದ್ದಿ ನೋಡು."

"ಈಗ ಹನ್ನೊಂದೇ ಗದ್ದೆ. ಕೇಳು."

ಕೇಳಿ ಪುಟ್ಟಬಸವಯ್ಯ ಮೀಸೆ ಸವರಿಕೊಂಡ. "ಐ, ನಾನೇ ಕಣ್ಲಾ ಅದು!" ದೊಡ್ಡಮ್ಮ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಿದ್ದಳು. ಸ್ಪೀಕರಿನ ಕಡೆಗೆ ಕಿವಿ ಕೊಟ್ಟು ಸ್ವಲ್ಪ ಹೊತ್ತು ಕೇಳಿ, ಏನೋ ಹೇಳಲು ಹೋಗಿ, ಬಸ್ಸಿನ ಹೊತ್ತಾಯಿತೆಂದು ಎದ್ದಳು. ಅದನ್ನೇ ಕಳಿಸಿದ್ದಾಯಿತು.

ಈ ಸಲ ಬಂದ ಉತ್ತರದಲ್ಲಿ ಮೂರು ಸಾಲಿತ್ತು. ಗಾಯಕ ಪುಟ್ಟಬಸವಯ್ಯ: ಒಪ್ಪಿಗೆ. ಗಗ್ಗರ ದೊಡ್ಡಮ್ಮ: ವಾದ್ಯ ಕೇಳಿಸುತ್ತಿಲ್ಲ, ಹೆಸರು ಸೇರಿಸಲಾಗದು. ಬೇಕಿದ್ದರೆ ಕೊನೆಯದಾಗಿ ಒಮ್ಮೆ ಬೇರೆ ಫೈಲು ಕಳಿಸಬಹುದು. ಕಳಿಸಿದರೆ ಹಿಂದಿನ ಒಪ್ಪಿಗೆ ರದ್ದಾಗಿ, ಇಬ್ಬರದ್ದನ್ನೂ ಹೊಸದಾಗಿ ನೋಡಲಾಗುವುದು.

ತಂಬೂರಿಯೊಡನೆ ಮತ್ತೆ ಬಂದಿದ್ದ ಗಂಡ ಹೆಂಡತಿಗೆ ಆ ಸಾಲುಗಳನ್ನು ಓದಿ ಹೇಳುವಾಗ ರಾಜೇಂದ್ರ ಪರದೆಯಿಂದ ಕಣ್ಣು ಎತ್ತಲಿಲ್ಲ.

"ಕೇಳುಸ್ತಾ ಇಲ್ಲ ಅಂದ್ರೆ ಏನು? ಚೆಂದಾಗಿ ಕೇಳುಸ್ತದಲ್ಲ!" ಎಂದು ಹೆಡ್‌ಫೋನು ಏರಿಸಿ ಫೈಲನ್ನು ಮತ್ತೆ ಹಾಕಿದ. ಕಣ್ಣು ಮುಚ್ಚಿದ. ಬಾವನ ದನಿ, ತಂಬೂರಿಯ ತಂತಿ, ಹಿಂದೆಯೇ ಜಿಲ್ ಜಿಲ್. "ಇದೋ, ಇಲ್ಲೇ ಅದಲ್ಲ."

ಅವನ ಕೂಗು ಕೇಳಿ ವನಿತಾ ಬಂದು ಬಾಗಿಲಲ್ಲಿ ನಿಂತಿದ್ದಳು. ಹೆಡ್‌ಫೋನು ಕಿತ್ತುಕೊಂಡು ತನ್ನ ಕಿವಿಗೆ ಹಾಕಿಕೊಂಡಳು. ಮುಖ ಸೊಟ್ಟಗಾಯಿತು.

"ಅಣ್ಣಾ, ಇದ್ರಲ್ಲಿ ಗಗ್ಗರ ಎಲ್ಲಿದೆ? ತಾತನ ದನಿ ಬಿಟ್ರೆ ಏನೂ ಇಲ್ಲ."

"ಸರ್ಯಾಗ್ ಕೇಳವ್ವ."

"ನನ್ ಕಿವಿ ನೆಟ್ಟಗೈತೆ."

ರಾಜೇಂದ್ರ ಕೈಯನ್ನು ಮೌಸಿನ ಮೇಲೆ ಹಾಗೇ ಇಟ್ಟುಕೊಂಡು ಕೂತ. ಅವನಿಗೆ ಕೇಳುತ್ತಿದ್ದದ್ದು ಫೈಲಿನ ಗಗ್ಗರವಲ್ಲ, ತೊಂಬತ್ತಾರರ ಗಗ್ಗರ. ಅಷ್ಟು ಸಲ ಕೇಳಿದ್ದರಿಂದ ಅದು ತಲೆಯೊಳಗೇ ತಾನಾಗಿ ನಡೆಯುತ್ತಿತ್ತು. ಇರುವ ಗಗ್ಗರವನ್ನು ಅವನ ಕಿವಿ ಎಂದೋ ಕೈಬಿಟ್ಟಿತ್ತು.

"ಏನಾಯ್ತ್ಲಾ?" ಎಂದ ಪುಟ್ಟಬಸವಯ್ಯ.

"ಗದ್ದೆ ಕಮ್ಮಿ ಮಾಡ್ದೆ ಅಂದ್ನಲ್ಲ ಬಾವ. ಗಂಡ್ಸಿನ ದನಿ ಕೆಳಗಿನ ಸದ್ದು, ತೂಬಿನ ಪಕ್ಕದ ಗದ್ದೆ. ಗಗ್ಗರ ಬಲು ಮೇಲಿನ ಸದ್ದು, ಕಾಲುವೆ ಕೊನೆ ಗದ್ದೆ. ಸ್ಯಾಂಪ್ಲಿಂಗ್ ರೇಟು ಇಳಿಸುದ್ರೆ ಮೊದಲು ಓಗೋದು ಅದೇ. ನಿಂಗೆ ನೀರು ಉಳ್ಸಕ್ಕೆ ನಾನು ಅಕ್ಕನ ಗದ್ದೇನೇ ಕಿತ್ತಾಕ್ಬುಟ್ಟಿವ್ನಿ. ನಂಗೆ ಗೊತ್ತೂ ಆಗ್ನಿಲ್ಲ."

ಹೊರಗೆ ನಂಜನಗೂಡು ನಂಜನಗೂಡು ಎಂದು ಕಂಡಕ್ಟರ್ ಕೂಗುತ್ತಿದ್ದ. ದೊಡ್ಡಮ್ಮನೇ, "ಓಗ್ಲಿ ಬುಡು. ನನ್ಗೇನ್ ಒಸದಾ ಇದು" ಎಂದಳು. "ಅವ್ರದು ಬಂತಲ್ಲ, ಸಾಕು. ಮತ್ತೆ ಕಳ್ಸಿ ಅದನ್ನೂ ಕಳ್ಕೋಬ್ಯಾಡಿ."

ಎಪ್ಪತ್ತೆರಡು ವರ್ಷಕ್ಕೆ ಮೊದಲ ಸಲ ಒಂದು ಕಾರ್ಡಿನ ಮೇಲೆ ಪುಟ್ಟಬಸವಯ್ಯನ ಫೋಟೋ ಕಲಾವಿದನೆಂದು ಬರುವುದಿತ್ತು. ಅವನು ತಂಬೂರಿಯ ಚೀಲದ ದಾರವನ್ನು ಬಿಚ್ಚಿದ, ಕಟ್ಟಿದ.

"ಮಧ್ಯದಲ್ಲಿ ಯಾವ್ದಾರ ಸಂಖ್ಯೆ ಇಲ್ವಾ ಅಣ್ಣ?" ಎಂದಳು ವನಿತಾ.

ಇತ್ತು, ಇಪ್ಪತ್ತೆರಡು ಸಾವಿರ. ರಾಜೇಂದ್ರ ಮಾಡಿ ತೋರಿಸಿದ. ಬಾವನ ದನಿ ಒಂದೆಳೆ ತೆಳುವಾದರೂ ನಿಂತಿತು. ಗಗ್ಗರ?

"ಬರ್ತಾ ಇದೆ, ಆದ್ರೆ ಅಕ್ಕಿ ಜರಡಿ ಹಿಡ್ದಂಗೆ. ಏನು ಅಂತ ಗೊತ್ತಾಗಲ್ಲ."

"ಅಷ್ಟೇ ಆಗೋದು. ಗದ್ದೆಯೇನೋ ಅದೆ, ನೀರು ಸಾಲ್ದು. ಬಾವ ಆಡೋವಾಗ ನೀರೆಲ್ಲ ಅಲ್ಲಿಗೇ ಓಯ್ತದೆ." ಅವನು ಕುರ್ಚಿಗೆ ಒರಗಿದ. "ಇದಕ್ಕಿಂತ ನನ್ ಕೈಲಾಗಲ್ಲ ಅಕ್ಕ."

ದೊಡ್ಡಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು. "ನಮ್ ಗದ್ದೆ ಇರೋದೂ ಕೊನೇಲೇ ಅಲ್ವಾ. ನಾವೆಂಗೆ ನಾಟಿ ಮಾಡ್ತೀವಿ?"

"ಸರದಿ ಮ್ಯಾಲೆ" ಎಂದ ಪುಟ್ಟಬಸವಯ್ಯ. "ಮ್ಯಾಲ್ನೋರು ನೀರಿನ ಮಡೆ ಮುಚ್ದಾಗ ನಮ್ಗೆ."

"ಮತ್ತೆ ಮುಚ್ಚು."

"ಏನ ಮುಚ್ಲಿ?"

"ಬಾಯ."

ವನಿತಾ ಕಿಸಕ್ಕನೆ ನಕ್ಕಳು. ಪುಟ್ಟಬಸವಯ್ಯನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ರಾಜೇಂದ್ರ ನೆಟ್ಟಗೆ ಕೂತ. ಬಾವನೂ ತಂಬೂರಿಯೂ ಸುಮ್ಮನಿದ್ದರೆ ಆ ಮೂವತ್ತೆರಡೂ ಗಗ್ಗರಕ್ಕೇ ಸಿಗುತ್ತದೆ. ಇಷ್ಟು ದಿನ ಸಂಖ್ಯೆ ತಿರುಗಿಸುತ್ತ ಕೂತವನಿಗೆ ಇದು ಹೊಳೆದಿರಲಿಲ್ಲ.

"ಪದದ ಮಧ್ಯ ನಾನು ಸುಮ್ನಿರದಾ? ಯಾವ ಗುರು ಕಲಿಸವ್ನೆ ಅದ್ನ?" ಎಂದ ಪುಟ್ಟಬಸವಯ್ಯ. "ಗಗ್ಗರ ಒಂದೇ ಆಡುದ್ರೆ ಜನ ಏನಂದಾರು?"

"ನಲವತ್ತು ವರ್ಸ ನೀರೆಲ್ಲ ನೀನೇ ಕಟ್ಕೊಂಡೆ ಕಣಯ್ಯ. ನಾನೇನಾರ ಅಂದ್ನಾ? ಒಂದ್ ನಾಕು ನಿಮಿಷ ಬುಡು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವು ಮಾತ್ರ ಇತ್ತು. ಪುಟ್ಟಬಸವಯ್ಯ ಬಹಳ ಹೊತ್ತು ಅವಳ ಹೆಬ್ಬೆರಳನ್ನೇ ನೋಡಿದ. ಗಗ್ಗರ ಉಜ್ಜಿ ಉಜ್ಜಿ ಅಲ್ಲೊಂದು ಕಪ್ಪು ಜಡ್ಡು ಕಟ್ಟಿತ್ತು. ಆಮೇಲೆ ತಂಬೂರಿಯ ಚೀಲ ಬಿಚ್ಚಿದ.

"ಈ ಸಲ ಕೆಟ್ರೆ ಇಬ್ರದೂ ಓಯ್ತದೆ ಬಾವ" ಎಂದ ರಾಜೇಂದ್ರ.

"ಓದ್ರೆ ಓಯ್ತದೆ. ಶಟ್ರು ಎಳಿಲಾ."

ಶಟರ್ ಎಳೆದರು. ಫ್ಯಾನು ಆರಿಸಿದರು, ಫ್ಯಾನಿನ ಸದ್ದೂ ನೀರು ಕುಡಿಯುತ್ತದೆ. ವನಿತಾ ತನ್ನ ಮಿಷನ್ನು ನಿಲ್ಲಿಸಿ, ಬಂದವರಿಗೆಲ್ಲ "ಕರೆಂಟಿಲ್ಲ" ಎಂದು ಸುಳ್ಳು ಹೇಳುತ್ತ ಹೊರಗೆ ಕಾವಲು ನಿಂತಳು. ಒಳಗೆ ಮೂವರೂ ಬೆವರಿನಲ್ಲಿ ನೆನೆದರು.

ಮೊದಲ ಸಲ ಎಲ್ಲ ಸರಿಯಾಗಿ ನಡೆಯಿತು, ಗಗ್ಗರದ ಸರದಿ ಬರುವವರೆಗೆ. ಆಮೇಲೆ ಅರ್ಧ ನಿಮಿಷವೂ ಆಗಿರಲಿಲ್ಲ, ಪುಟ್ಟಬಸವಯ್ಯನ ಗಂಟಲಿನಿಂದ ತನಗೇ ತಿಳಿಯದೆ ಒಂದು ‘ಹೂಂ’ ಹೊರಟಿತು. ದೊಡ್ಡಮ್ಮ ಕೈ ನಿಲ್ಲಿಸಿದಳು. ಎರಡನೆಯ ಸಲ ಬಾಯಿ ಬಿಗಿದುಕೊಂಡ. ಬೆರಳು ಹೋಗಿ ತಂತಿ ಮೀಟಿತು. ಅವನಿಗೇ ನಾಚಿಕೆಯಾಯಿತು. "ತಡ್ಯಕ್ಕಾಗಲ್ಲ ಕಣಮ್ಮಿ. ಅವ್ಳ ಗಗ್ಗರ ಕೇಳುದ್ರೆ ನನ್ ಬಾಯಿ ತಾನೇ ಬುಟ್ಕತದೆ" ಎಂದು, ಎದುರಿಗೇ ಇದ್ದ ಹೆಂಡತಿಗೆ ಹೆಂಡತಿಯ ಮೇಲೆಯೇ ದೂರು ಹೇಳಿದ.

ದೊಡ್ಡಮ್ಮ ಸೊಂಟದ ಚೀಲ ಬಿಚ್ಚಿದಳು. ಎರಡು ವೀಳ್ಯದೆಲೆ, ಬಾಯಿ ತುಂಬುವಷ್ಟು ಅಡಿಕೆ, ಸುಣ್ಣ. ಮಡಿಚಿ ಅವನ ಮೊಣಕಾಲಿನ ಪಕ್ಕದಲ್ಲಿಟ್ಟಳು. "ನಿನ್ ಪದ ಮುಗಿದೇಟ್ಗೆ ಇದ್ನ ಬಾಯಿಗಾಕೋ. ತಂಬೂರಿನ ಅವ್ನ ಕೈಗೆ ಕೊಡು."

ಮೂರನೆಯ ಸಲ ಪುಟ್ಟಬಸವಯ್ಯ ಹದಿನಾರು ನಿಮಿಷ ಹಾಡಿದ. ಆ ಸೆಕೆಯಲ್ಲಿ, ಆ ವಯಸ್ಸಿನಲ್ಲಿ, ಒಂದೇ ದಿನ ಮೂರನೆಯ ಸಲ. ಕತೆಯನ್ನು ನಿಲ್ಲಿಸುವ ಜಾಗಕ್ಕೆ ತಂದು, ತಂಬೂರಿಯನ್ನು ಎತ್ತಿ ರಾಜೇಂದ್ರನ ಮಡಿಲಿಗೆ ಕೊಟ್ಟ. ಎಲೆಯನ್ನು ದವಡೆಗೆ ಒತ್ತಿ ಕಣ್ಣು ಮುಚ್ಚಿದ. ರಾಜೇಂದ್ರ ತಂತಿಗಳ ಮೇಲೆ ಅಂಗೈ ಒತ್ತಿ ಹಿಡಿದ. ಇನ್ನೂ ನಡುಗುತ್ತಿದ್ದ ತಂತಿ ಅಂಗೈಯಡಿಯಲ್ಲಿ ತಣ್ಣಗಾಯಿತು.

ದೊಡ್ಡಮ್ಮ ಆಡಿಸಿದಳು. ಕತೆಯಿಲ್ಲದ ಗಗ್ಗರವನ್ನು ಅವಳೂ ಅದೇ ಮೊದಲು ಆಡಿಸಿದ್ದು. ಆದರೆ ಅದರೊಳಗೇ ಕತೆ ನಡೆಯುತ್ತಿರಬೇಕು. ಕೈ ಓಡಿತು, ತಡೆಯಿತು, ಒಮ್ಮೆ ನಿಂತೇ ಬಿಟ್ಟಿತು, ಮತ್ತೆ ಮೆಲ್ಲನೆ ಹೊರಟಿತು. ರಾಜೇಂದ್ರನಿಗೆ ಸದ್ದು ದೂರದಲ್ಲಿ ಯಾರೋ ಒಣಗಿದ ಕಾಯಿ ಕುಲುಕಿದಷ್ಟು ಕೇಳಿತು. ಮಿಕ್ಕದ್ದನ್ನು ಅವನು ಪರದೆಯ ಮೇಲಿನ ಹಸಿರು ಗೆರೆಯಲ್ಲಿ ನೋಡಿದ. ಅವಳ ಹೆಬ್ಬೆರಳು ಎದ್ದಾಗ ಗೆರೆ ಏಳುತ್ತಿತ್ತು. ನಾಲ್ಕು ನಿಮಿಷ ಅವನು ಆ ಗೆರೆಯಿಂದ ಕಣ್ಣು ತೆಗೆಯಲಿಲ್ಲ.

ಇಪ್ಪತ್ತೆರಡು ಸಾವಿರಕ್ಕೆ ಇಳಿಸಿ, ಮೂವತ್ತೆರಡಕ್ಕೆ ಕುಗ್ಗಿಸಿ, ವನಿತಾಳನ್ನು ಒಳಗೆ ಕರೆದು ಹೆಡ್‌ಫೋನು ಕೊಟ್ಟ. ಈ ಸಲ ತಾನು ಕೇಳಲೇ ಇಲ್ಲ. ಅವಳು ಮೊದಲು ತಾತನ ಹಾಡು, ಆಮೇಲೆ ಕೊನೆಯ ಭಾಗ ಕೇಳಿದಳು. ಹೆಡ್‌ಫೋನು ತೆಗೆದು ದೊಡ್ಡಮ್ಮನ ಕಿವಿಗೆ ಹಾಕಿದಳು. ದೊಡ್ಡಮ್ಮನ ಕೈ ತಾನಾಗಿ ಎದ್ದು ಗಾಳಿಯಲ್ಲೇ ಗಗ್ಗರ ಹಿಡಿಯಿತು.

"ಜರಡಿ ಅಲ್ಲ ಅಣ್ಣ. ಗಗ್ಗರ" ಎಂದಳು ವನಿತಾ.

ಪುಟ್ಟಬಸವಯ್ಯ ಏನೋ ಹೇಳಲು ಹೋದ. ಬಾಯಿ ತುಂಬ ರಸ. ಶಟರ್ ಎತ್ತಿಸಿಕೊಂಡು ಹೊರಗೆ ಓಡಿದ.

ಫೈಲು ನಾಲ್ಕು ಪಾಯಿಂಟ್ ಎಂಟು ಎಂಬಿ ಆಯಿತು. ಅದು ಹೋಗುವುದಕ್ಕೆ ಸರ್ವರ್ ಎರಡು ಗಂಟೆ ತೆಗೆದುಕೊಂಡಿತು. ಅಷ್ಟು ಹೊತ್ತೂ ಮೂವರು ಬೇಕರಿಯ ಬನ್ನು ತಿನ್ನುತ್ತ ಚಕ್ರ ನೋಡಿದರು. ಕೊನೆಗೆ ‘ಸ್ವೀಕರಿಸಲಾಗಿದೆ’ ಎಂದು ಬಂದಾಗ ಖುಷಿಪಡುವಷ್ಟು ಶಕ್ತಿ ಯಾರಿಗೂ ಉಳಿದಿರಲಿಲ್ಲ. ಗಂಡ ಹೆಂಡತಿ ಎದ್ದು, ಮೊಣಕಾಲು ಹಿಡಿದುಕೊಂಡು ನಂಜನಗೂಡಿನ ಬಸ್ಸು ಹತ್ತಿದರು.

ಉತ್ತರಕ್ಕೆ ಒಂದು ತಿಂಗಳು ಹತ್ತು ದಿನ ಹಿಡಿಯಿತು. ರಾಜೇಂದ್ರ ಆ ಪುಟವನ್ನು ದಿನಕ್ಕೆರಡು ಸಲ ತೆರೆದು ನೋಡುತ್ತಿದ್ದ. ಕೊನೆಗೊಂದು ಬೆಳಿಗ್ಗೆ, ಪಹಣಿಗೆಂದು ಬಂದ ನಾಲ್ಕು ಜನರನ್ನು ನಿಲ್ಲಿಸಿಕೊಂಡೇ ಹುಲ್ಲಹಳ್ಳಿಗೆ ಫೋನು ಮಾಡಿದ. ಎತ್ತಿದವಳು ದೊಡ್ಡಮ್ಮ.

"ಅಕ್ಕ, ಎರಡೂ ಬಂದವೆ."

"ನಂದು ಓದು."

"ಹೆಸರು, ದೊಡ್ಡಮ್ಮ. ವಾದ್ಯ, ಗಗ್ಗರ. ಊರು, ಹುಲ್ಲಹಳ್ಳಿ."

"ಇನ್ನೊಂದ್ಸಲ."

ಓದಿದ.

"ಸಂಗಡಿಗರು ಅಂತ ಎಲ್ಲಾರ ಅದಾ, ನೋಡು."

"ಇಲ್ಲ ಅಕ್ಕ. ಎಲ್ಲೂ ಇಲ್ಲ."

"ಇರು" ಎಂದಳು. ಪೆಟ್ಟಿಗೆ ತೆಗೆದ ಸದ್ದಾಯಿತು. ಸ್ವಲ್ಪ ಹೊತ್ತು ಬರೀ ಗಾಳಿ. ಮತ್ತೆ ಅವಳ ಉಸಿರು ಫೋನಿನ ಹತ್ತಿರ ಬಂತು.

"ಕೇಳುಸ್ತಾ ರಾಜಪ್ಪ?"

ಫೋನಿನ ಲೈನು ಮಾತು ದಾಟಲು ಮಾಡಿದ್ದು. ಗಗ್ಗರ ದಾಟುವಷ್ಟು ಅಗಲ ಅದಕ್ಕಿಲ್ಲ. ದಾಟಿ ಬಂದಿದ್ದರೂ ಈ ಕಿವಿಗೆ ಸಿಗುತ್ತಿರಲಿಲ್ಲ. ಕೇಳಿಸಿತು ಎನ್ನುವುದು ಸುಲಭವಿತ್ತು. ಎದುರಿಗೆ ನಾಲ್ಕು ಜನ ಕಾಯುತ್ತ ನಿಂತಿದ್ದರು. ಅಂದೂ ಹೀಗೇ ಅಂಗಡಿ ತುಂಬ ಜನರಿದ್ದರು, ಅವನು ಒಂದು ಪದದ ಮೇಲೆ ಬೆರಳಿಟ್ಟು ‘ಇಲ್ಲೇ ಅಕ್ಕ’ ಎಂದಿದ್ದ.

"ಇಲ್ಲ ಅಕ್ಕ" ಎಂದ. "ಕೇಳುಸ್ನಿಲ್ಲ."

"ನನ್ಗೊತ್ತು. ನಿನ್ ಕಿವಿ ಓಗದೆ ಅಂತ ಆವತ್ತೇ ಗೊತ್ತಾಯ್ತು." ಅವಳು ನಕ್ಕಳೋ ಕೆಮ್ಮಿದಳೋ. "ಕಾರ್ಡು ತಗೊಳಕ್ಕೆ ಸೋಮಾರ ಬತ್ತೀನಿ. ನಿನ್ ಕಿವಿ ಪಕ್ಕದಲ್ಲೇ ಕೂತ್ಕಂಡು ಆಡುಸ್ತೀನಿ. ಅಷ್ಟ್ರೊಳಗೆ ಓಗಿ ತೋರುಸ್ಕೊ, ತಮ್ಮ."

ಬರೀ ತಮ್ಮ ಎಂದಳು. ಫೋನು ಇಟ್ಟ ಮೇಲೆ ಅವನಿಗೆ ಅದು ತಿಳಿಯಿತು. ಪಹಣಿಯವರ ಕಡೆ ತಿರುಗಿ, ಚಕ್ರ ಸುತ್ತುವುದನ್ನು ನೋಡಿ, "ಸರ್ವರ್ ಇಲ್ಲ, ಊಟ ಮಾಡ್ಕೊಂಡ್ ಬನ್ನಿ" ಎಂದ. ಅವರು ಹೋದ ಮೇಲೆ ಗೋಡೆಗೆ ಬಾಯಿ ಹತ್ತಿರ ಮಾಡಿ ಕೂಗಿದ:

"ವನಿತಾ, ಮೈಸೂರ್ನಲ್ಲಿ ಕಿವಿ ಡಾಕ್ಟ್ರು ಭಾನುವಾರ ಸಿಕ್ತಾರೇನವ್ವ?"